ಕುರಿ ಕಾರಿನಲ್ಲಿ ಹೀರೋ

ಕಾಲುವೆಯ ಕೆಲಸ ನಮ್ಮೂರು ದಾಟಿ ಮುಂದೆ ಸರಿದ ವರ್ಷ, ಶಾಲೆಯ ಹಿಂದಿನ ಬಯಲಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಗುತ್ತಿಗೆದಾರ ತನ್ನ ಸಾಮಾನುಗಳನ್ನು ಮಾರತೊಡಗಿದ. ನೀರಿನ ಡ್ರಮ್ಮು, ಕಬ್ಬಿಣದ ಮಂಚ, ಸಿಮೆಂಟು ಹೊರುವ ಬುಟ್ಟಿ ಒಂದೊಂದಾಗಿ ಊರೊಳಗೆ ಬಂದವು. ಕೊನೆಗೆ ಉಳಿದದ್ದು ಅವನ ಅಂಬಾಸಿಡರ್ ಕಾರು. ಅದನ್ನು ನಮ್ಮ ಅತ್ತೆ ಕೊಂಡರು.

ಊರಿನವರು ನಕ್ಕರು. ಕುರಿ ಸಾಕುವ ಮನೆಗೆ ಕಾರು ಯಾಕೆ ಎಂದು ಕಟ್ಟೆಯ ಮೇಲೆ ಮಾತಾಯಿತು. ಅತ್ತೆಗೆ ಮಾತ್ರ ಯಾಕೆಂಬುದು ಚೆನ್ನಾಗಿ ಗೊತ್ತಿತ್ತು. ಸಣ್ಣ ವಯಸ್ಸಿನಿಂದ ಕುರಿಯ ಹಿಂದೆ ಕೃಷ್ಣೆಯ ದಂಡೆಯವರೆಗೂ ನಡೆದು ಅವರ ಮೊಣಕಾಲು ಸವೆದಿದ್ದವು. ಅಮಾವಾಸ್ಯೆಗೆ ಅಬ್ಬೆತುಮಕೂರಿನ ಮಠಕ್ಕೆ ಹೋಗುವುದು ಅವರು ಬಿಡದೆ ನಡೆಸಿಕೊಂಡು ಬಂದ ಪದ್ಧತಿ. ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಇನ್ನೊಂದು ಕಾರಣ, ಹೆರಿಗೆಯ ಬ್ಯಾನೆ ತಿನ್ನುವ ಕುರಿಯನ್ನು ಶಹಾಪುರದ ದನದ ದವಾಖಾನೆಗೆ ಮುಟ್ಟಿಸುವಷ್ಟರಲ್ಲಿ ಎಷ್ಟೋ ಸಲ ತಡವಾಗಿತ್ತು. ಕಾರಿದ್ದರೆ ಎರಡೂ ಆಗುತ್ತದೆ ಎಂಬುದು ಅವರ ವಿಚಾರ.

ನಾನು ಸುರಪುರದವಳು. ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಊರಿನ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಎಲ್ಲರಿಗೂ ನಾನು ಅಕ್ಕೋರು. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ನಾನು, ಅಂಗಳದ ತುಂಬ ಕುರಿ. ಕಾಲುವೆ ನೀರು ಹರಿದ ಹೊಲಗಳೆಲ್ಲ ಭತ್ತದ ಗದ್ದೆಯಾಗಿದ್ದರಿಂದ ಕುರಿ ಮೇಯಿಸಲು ಗುಡ್ಡದ ಕಡೆಗೇ ಹೋಗಬೇಕಾಗಿತ್ತು. ಯಜಮಾನರು ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗಿ ಸಂಜೆ ಬರುತ್ತಿದ್ದರು, ನಡುವೆ ಬೇಕಾದಾಗ ಕಾರು ಓಡಿಸುತ್ತಿದ್ದರು.

ಕಾರಿನ ಬಣ್ಣ ಹಸಿರು. ಕಾಲುವೆಯ ಗೇಟಿಗೆ ಬಳಿದು ಮಿಕ್ಕ ಬಣ್ಣವನ್ನು ಗುತ್ತಿಗೆದಾರ ಅದಕ್ಕೂ ಬಳಿಸಿದ್ದ. ಬ್ರಶ್ಶಿನ ಗೀರುಗಳು ಎದ್ದು ಕಾಣುತ್ತಿದ್ದವು. ಅತ್ತೆ ಹಿಂದಿನ ಸೀಟು ತೆಗೆಸಿ, ಹೊಟ್ಟಿನ ಚೀಲ ಹರವಿ, ಮೇಲೆ ಕರಿ ಕಂಬಳಿ ಹಾಸಿಸಿದ್ದರು. ಅಲ್ಲಿ ಅವರು ಕಾಲು ಚಾಚಿ ಕೂಡುತ್ತಿದ್ದರು, ಪಕ್ಕದಲ್ಲಿ ಕುರಿ ಮಲಗುತ್ತಿತ್ತು. ಹತ್ತಿಕಾಳಿನ ಹಿಂಡಿಯ ಚೀಲ ಶಹಾಪುರದಿಂದ ಬರುತ್ತಿದ್ದದ್ದೂ ಅದರಲ್ಲೇ. ಹೀಗಾಗಿ ಹಾರ್ನ್ ಕೇಳಿದರೆ ಸಾಕು, ಅಂಗಳದ ಕುರಿಗಳೆಲ್ಲ ಹಟ್ಟಿಯ ಮುಳ್ಳುಬೇಲಿಗೆ ಮುಖ ತೂರಿಸಿ ಕೂಗುತ್ತಿದ್ದವು. ನನ್ನ ಶಾಲೆಯ ಮಕ್ಕಳು ಅದಕ್ಕೆ ಕುರಿ ಕಾರು ಎಂದು ಹೆಸರಿಟ್ಟಿದ್ದರು.

ಸಿನಿಮಾದವರು ಬಂದದ್ದು ಒಂದು ಚಳಿಗಾಲ. ಮೊದಲು ಮ್ಯಾನೇಜರ್ ಒಬ್ಬರು ಬಂದು ಪಂಚಾಯ್ತಿ ಕಟ್ಟೆಯಲ್ಲಿ ಕೂತು ಹೇಳಿದರು: ಇದು ಕಾರ್ ರೇಸಿನ ಕತೆ, ಪೂರ್ತಿ ನಗುವಿನ ಸಿನಿಮಾ, ಬಸ್ಸು ಲಾರಿ ಓಡಾಡದ ಉದ್ದ ರಸ್ತೆ ಬೇಕು, ಪಕ್ಕದಲ್ಲಿ ನೀರಿದ್ದರೆ ಇನ್ನೂ ಒಳ್ಳೆಯದು. ಕಾಲುವೆ ದಂಡೆಯ ಮಣ್ಣಿನ ರಸ್ತೆ ಅವರಿಗೆ ಬಹಳ ಹಿಡಿಸಿತ್ತು. ದೂರದಲ್ಲಿ ಶಹಾಪುರದ ಗುಡ್ಡ, ಬುದ್ಧ ಮಲಗಿದ ಹಾಗೆ ಕಾಣುವುದು, ಅದೂ ಚಿತ್ರದಲ್ಲಿ ಬರುತ್ತದಂತೆ. ಹೀರೋನ ಹೆಸರು ಕೇಳಿ ಊರೆಲ್ಲ ಗದ್ದಲವಾಯಿತು. ಪ್ರೇಮದ ಕತೆಗಳಲ್ಲಿ ಹೆಸರು ಮಾಡಿದವ. ಅವನ ಪ್ರತಿ ಸಿನಿಮಾದಲ್ಲೂ ಒಂದು ದೊಡ್ಡ ಕಾರು ಇರಲೇಬೇಕು, ಬಾಗಿಲು ತೆಗೆದು ಅವನು ಇಳಿಯುವಾಗ ಟಾಕೀಸಿನಲ್ಲಿ ಸೀಟಿ ಬೀಳಲೇಬೇಕು.

ಈ ಸಲದ ಕಾರು ಲಾರಿಯ ಮೇಲೆ, ತಾಡಪತ್ರಿ ಹೊದ್ದು ಬಂತು. ಕೆಂಪು ಬಣ್ಣದ ವಿದೇಶಿ ಕಾರು. ಅಷ್ಟು ತಗ್ಗಿನ ಕಾರನ್ನು ನಾನು ಆವರೆಗೆ ನೋಡಿರಲಿಲ್ಲ. ನಿಂತವರ ಮೊಣಕಾಲಿಗೆ ಅದರ ದೀಪ ಬರುತ್ತಿತ್ತು. ಅದು ಬಂದ ರಾತ್ರಿ ಅಕಾಲದ ಮಳೆ ನಾಲ್ಕು ಹನಿ ಬಿತ್ತು. ನಮ್ಮ ಎರೆಮಣ್ಣಿಗೆ ನಾಲ್ಕು ಹನಿ ಸಾಕು. ಮರುದಿನ ಕೆಂಪು ಕಾರು ದಂಡೆಯ ಮೇಲೆ ಒಂದು ಫರ್ಲಾಂಗೂ ಹೋಗದೆ ಹೊಟ್ಟೆ ಊರಿ ಕೂತುಬಿಟ್ಟಿತು. ಗಾಲಿ ತಿರುಗಿದಷ್ಟೂ ಮಣ್ಣು ಅಂಟಿಕೊಂಡು ರೊಟ್ಟಿ ಹಿಟ್ಟಿನ ಮುದ್ದೆಯಂತೆ ಆಯಿತು. ಹೀರೋ ಛತ್ರಿ ಕೆಳಗೆ ನಿಂತಿದ್ದ. ನಿರ್ದೇಶಕರು, ತಲೆಗೆ ಟವೆಲ್ ಸುತ್ತಿಕೊಂಡ ಸಣಕಲು ಮನುಷ್ಯ, ದಂಡೆಯ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು.

ಆ ಹೊತ್ತಿಗೆ ನಾವು ಶಹಾಪುರದಿಂದ ಬರುತ್ತಿದ್ದೆವು. ಮುಂದೆ ಯಜಮಾನರು, ನಾನು. ಹಿಂದೆ ಅತ್ತೆ, ಕಷ್ಟಪಟ್ಟು ಹಡೆದ ಒಂದು ಕುರಿ, ಅದರ ಎರಡು ಮರಿ. ಕೆಸರು ಸಿಡಿಸುತ್ತ ನಮ್ಮ ಹಸಿರು ಕಾರು ದೋಣಿಯಂತೆ ಅತ್ತಿತ್ತ ಹೊಯ್ದಾಡುತ್ತ ಬಂತು, ನಿಂತ ಮಂದಿಯ ಮುಂದೆ ನಿಂತಿತು. ಯಾರೂ ದಾರಿ ಬಿಡಲಿಲ್ಲ. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಯಾರ್ರೀ ನೀವು? ರಸ್ತಾದಾಗ ಯಾಕ ನಿಂತೀರಿ? ಒಳಗ ಬಾಣಂತಿ ಅದಾಳ. ದಾರಿ ಬಿಡ್ರಿ!"

ಎಲ್ಲರೂ ಗಾಬರಿಯಾಗಿ ಸರಿದರು. ನಿರ್ದೇಶಕರು ಬೀಡಿ ಬಿಸಾಕಿ ಓಡಿ ಬಂದು, "ಏನಾದ್ರೂ ಬೇಕಾಮ್ಮಾ, ಡಾಕ್ಟ್ರು..." ಎನ್ನುತ್ತ ಒಳಗೆ ಬಗ್ಗಿ ನೋಡಿದರು. ಬಾಣಂತಿ ಅವರ ಮುಖ ನೋಡಿ ಬ್ಯಾ ಎಂದಿತು. ಆ ಮನುಷ್ಯ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕೆಸರು ಎಂಬುದನ್ನೂ ನೋಡದೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಅತ್ತೆಗೆ ಸಿಟ್ಟು ಬಂತು. "ನಗೂದು ಏನದ ಇದ್ರಾಗ? ನೀವು ಹಡದು ನೋಡ್ರಿ, ತಿಳೀತದ," ಎಂದರು. ಅಲ್ಲಿ ದಂಡೆ ಸ್ವಲ್ಪ ಅಗಲವಿದ್ದುದರಿಂದ ನಮ್ಮ ಕಾರು ಕೆಂಪು ಕಾರಿನ ಪಕ್ಕದಿಂದ ಹಾದು ಊರಿಗೆ ಬಂತು.

ಮರುದಿನ ಬೆಳಿಗ್ಗೆ ನಿರ್ದೇಶಕರು ನಮ್ಮ ಅಂಗಳಕ್ಕೆ ಬಂದರು. ಜೊತೆಗೆ ಮ್ಯಾನೇಜರ್, ಹಿಂದೆ ಹೀರೋ. ಬೇಲಿಯ ಆಚೆ ಅರ್ಧ ಊರು. ನಿರ್ದೇಶಕರು ಕಾರಿನ ಸುತ್ತ ತಿರುಗಿದರು, ಬ್ರಶ್ಶಿನ ಗೀರು ಮುಟ್ಟಿ ನೋಡಿದರು, ಕಂಬಳಿ ಎತ್ತಿ ಮೂಸಿದರು. ಆಮೇಲೆ ಹೀರೋ ಕಡೆ ತಿರುಗಿ, "ಇದೇ ನಿಮ್ಮ ಕಾರು," ಎಂದರು.

"ತಮಾಷೆ ಮಾಡ್ಬೇಡಿ ಸಾರ್."

"ತಮಾಷೆ ಮಾಡೋಕೇ ಬಂದಿರೋದು. ಕೆಂಪು ಕಾರನ್ನ ಕಾಮಿಡಿಯನ್‌ಗೆ ಕೊಡ್ತೀನಿ. ನೀವು ಇದ್ರಲ್ಲಿ ರೇಸಿಗೆ ಬರ್ತೀರಿ."

"ಇದು ಕಾಮಿಡಿಯನ್ ಕಾರು ಸಾರ್. ನನ್ನನ್ನ ಇದ್ರಲ್ಲಿ ಕೂರಿಸಿದ್ರೆ ಜನ ನಗ್ತಾರೆ."

"ನಗ್ಲಿ ಅಂತಾನೇ ಅಲ್ವಾ ಪಿಕ್ಚರ್ ತೆಗೀತಿರೋದು?"

"ಪಿಕ್ಚರ್ ನೋಡಿ ನಗ್ಲಿ. ನನ್ನ ನೋಡಿ ನಗೋದು ಬೇಡ."

ಆತ ಆ ಮಾತು ಹೇಳಿದ ರೀತಿಯಲ್ಲಿ ಗತ್ತಿರಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಪದ್ಯ ಹೇಳಲು ಹೇಳಿದಾಗ ಕೆಲವು ಮಕ್ಕಳು ಹಾಗೆ ನೆಲ ನೋಡುತ್ತಾರೆ. ಪೆಟ್ಟಿಗೆಯಂಥ ನಮ್ಮ ಕಾರಿನ ಮುಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆತ ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ಅವರಿಗೆ ಆತ ಯಾರೆಂಬುದೇ ಗೊತ್ತಿರಲಿಲ್ಲ. "ಏ ತಮ್ಮಾ, ಬಿಸಲಾಗ ನಿಂತು ಏನ್ ಒದರಾಡ್ತಿ? ಮುಖ ಯಾಕ ಸಣ್ಣ ಮಾಡೀದಿ? ಒಳಗ ಬಾ, ಕುಂದ್ರು!"

ಹೀರೋ ಒಂದು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ನೋಡಿದ. "ಬೈತಿದ್ದಾರಾ ಮೇಡಂ?"

"ಇಲ್ರಿ. ಊಟಕ್ಕ ಕರ್ಯಾಕತ್ತಾರ."

ಅವತ್ತಿನಿಂದ ನನಗೆ ಅದೇ ಕೆಲಸವಾಯಿತು, ನಮ್ಮ ಕನ್ನಡವನ್ನು ಅವರ ಕನ್ನಡಕ್ಕೆ ತಿರುಗಿಸುವುದು. ಅತ್ತೆ ಬಿಸಿ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಇಟ್ಟರು. ಹೀರೋ ಮೊದಲ ರೊಟ್ಟಿಯನ್ನು ಸಂಕೋಚದಿಂದ ತಿಂದ, ಎರಡನೆಯದನ್ನು ಹಾಗೇ ತಿಂದ, ಮೂರನೆಯದನ್ನು ತಾನೇ ಕೇಳಿದ. ಊಟವಾದ ಮೇಲೆ ಮ್ಯಾನೇಜರ್ ಕಾರಿನ ಮಾತು ತೆಗೆದರು. ಬಾಡಿಗೆಯ ವಿಚಾರ ಯಜಮಾನರು ಮಾತಾಡಿಕೊಂಡರು. ಅತ್ತೆಯದು ಒಂದೇ ಷರತ್ತು.

"ನಮ್ಮ ಗಾಡಿ ಒಂದಾ ಎಲ್ಲೂ ಹೋಗಂಗಿಲ್ಲ. ಅದು ಎಲ್ಲಿ ಹೋಗ್ತದ ಅಲ್ಲಿ ನಾ ಇರ್ತೀನಿ."

ಮ್ಯಾನೇಜರ್ ತಲೆ ಕೆರೆದುಕೊಂಡರು. ನಿರ್ದೇಶಕರು ಮಾತ್ರ ತಕ್ಷಣ ಒಪ್ಪಿದರು. ಕ್ಯಾಮೆರಾ ಓಡುವಾಗ ಅತ್ತೆ ಹಿಂದೆ ಕಂಬಳಿ ಹೊದ್ದು ಬಗ್ಗಿ ಕೂಡಬೇಕು, ಅಷ್ಟೆ. ಹೀರೋ ಉಳಿದ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. ಒಪ್ಪಿದನೋ, ತಿಂದ ರೊಟ್ಟಿಯ ದಾಕ್ಷಿಣ್ಯಕ್ಕೆ ಸುಮ್ಮನಿದ್ದನೋ ನಾನು ಹೇಳಲಾರೆ.

ನಮ್ಮ ಕಾರಿನ ಗೇರು ಸ್ಟೀರಿಂಗಿನ ಕೆಳಗೆ, ಎಡಗೈಗೆ ಸಿಗುವಂತೆ ಇತ್ತು. ಅದನ್ನು ಅಭ್ಯಾಸ ಮಾಡಿಕೊಳ್ಳಬೇಕು ಎಂದು ಮಣ್ಣು ಒಣಗಿದ ಮೇಲೆ ದಿನಾ ಸಂಜೆ ಯಜಮಾನರು ಆತನನ್ನು ದಂಡೆಯ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ಗಾಡಿ ಹೋದಲ್ಲಿ ಅತ್ತೆ. ಅತ್ತೆಯ ಮಾತು ತಿಳಿಸಿ ಹೇಳಲು ಶಾಲೆ ಬಿಟ್ಟು ಬಂದ ನಾನು. ನಾವಿಬ್ಬರೂ ಹಿಂದೆ ಕಂಬಳಿಯ ಮೇಲೆ ಕೂತಿರುತ್ತಿದ್ದೆವು. ಯಜಮಾನರ ಪಾಠ ಬಹಳ ಸರಳ. "ಕ್ಲಚ್ ಒತ್ರಿ. ಗೇರ್ ನಿಮ್ ಕಡಿ ಎಳೀರಿ, ಕೆಳಗ ಹಾಕ್ರಿ. ಜಬರದಸ್ತಿ ಮಾಡಬ್ಯಾಡ್ರಿ, ತಾನಾ ಹೋಗ್ತದ." ಆತನ ಮೊಣಕಾಲು ಸ್ಟೀರಿಂಗಿಗೆ ಬಡಿಯುತ್ತಿತ್ತು. ಕಾರು ಜಿಗಿದು ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ನಾನು ಹಿಂದೆ ಕೂತು ನೋಡುತ್ತ ನೋಡುತ್ತ, ನನಗೆ ಅರಿವಿಲ್ಲದೆಯೇ ಎಡಗೈಯಿಂದ ಗಾಳಿಯಲ್ಲಿ ಗೇರು ಹಾಕುತ್ತಿದ್ದೆ.

ಒಂದು ಸಂಜೆ ಯಜಮಾನರು ಕುರಿ ಹಟ್ಟಿಗೆ ಸೇರಿಸಲೆಂದು ನಡುವೆಯೇ ಇಳಿದುಕೊಂಡರು. "ನೀವು ಸೀದಾ ಸೇತುವಿ ತನಕ ಹೋಗಿ ಬರ್ರಿ, ಏನೂ ಆಗಂಗಿಲ್ಲ," ಎಂದು ಹೀರೋಗೆ ಹೇಳಿ ಹೋದರು. ಸ್ವಲ್ಪ ದೂರ ಹೋಗಿರಬಹುದು, ಎದುರಿಗೆ ಹುಲ್ಲು ಹೇರಿದ ಎತ್ತಿನ ಬಂಡಿ ಬಂತು. ದಂಡೆಯ ರಸ್ತೆಯಲ್ಲಿ ಒಂದೇ ಗಾಡಿಗೆ ಜಾಗ. ಒಂದು ಕಡೆ ತುಂಬಿ ಹರಿಯುವ ಕಾಲುವೆ, ಇನ್ನೊಂದು ಕಡೆ ಗದ್ದೆಗೆ ಇಳಿಜಾರು. ತುಂಬಿದ ಬಂಡಿ ಹಿಂದಕ್ಕೆ ಹೋಗಲಾರದು. ಹಿಂದೆ ತೂಬಿನ ಹತ್ತಿರ ರಸ್ತೆ ಅಗಲವಿತ್ತು, ಕಾರು ಅಲ್ಲಿಯವರೆಗೆ ಹಿಂದೆ ಸರಿಯಬೇಕು.

ಹೀರೋ ಬ್ರೇಕು ಒತ್ತಿ, ಬಾಗಿಲ ಹಿಡಿಕೆಗೆ ಕೈ ಹಾಕಿದ. 

"ನನ್ನ ಕೈಲಿ ಆಗಲ್ಲ ಮೇಡಂ. ನಾನು ಇಳೀತೀನಿ. ಯಾರನ್ನಾದ್ರೂ ಕರೀರಿ."

"ಇಷ್ಟು ದಿನ ಹೊಡದೀರಲ್ರಿ," ಎಂದೆ ನಾನು.

ಆತ ತಿರುಗಿ ನೋಡಲಿಲ್ಲ. ಮೆಲ್ಲಗೆ ಹೇಳಿದ: "ನಾನು ಯಾವ ಪಿಕ್ಚರಲ್ಲೂ ಗಾಡಿ ಓಡ್ಸಿಲ್ಲ. ಸ್ಟೀರಿಂಗ್ ಹಿಡ್ಕೊಂಡು ಕೂತಿರ್ತೀನಿ, ಇಬ್ಬರು ಹಿಂದೆ ನಿಂತು ಗಾಡಿ ಅಲ್ಲಾಡಿಸ್ತಾರೆ. ಓಡ್ಸೋದೆಲ್ಲ ಡೂಪು. ನೀರು, ಎತ್ತರ, ಸ್ಪೀಡು, ಎಲ್ಲಕ್ಕೂ ನಂಗೆ ಭಯ. ಇಲ್ಲಿಗೂ ಡೂಪ್ ಬರ್ತಾನೆ, ಶೂಟಿಂಗ್ ದಿನ."

ಪೋಸ್ಟರಿನಲ್ಲಿ ಕಾರಿನ ಮೇಲೆ ಕಾಲಿಟ್ಟು ನಿಲ್ಲುವ ಮನುಷ್ಯ ಈ ಮಾತು ಹೇಳುತ್ತಿದ್ದ. ಅತ್ತೆ ನನ್ನ ತೋಳು ತಿವಿದರು.

"ಏನಂತಾನ?"

"ಅಂಜಿಕಿ ಬರಾಕತ್ತದಂತ, ಅತ್ತಿ. ಸಿನಿಮಾದಾಗ ಅವ್ರು ಎಂದೂ ಗಾಡಿ ಹೊಡದಿಲ್ಲಂತ."

"ಮತ್ತ ಇಲ್ಲೀತನಕ ಯಾರು ಹೊಡಕೊಂಡು ಬಂದ್ರು?"

"ಅವ್ರೇ."

"ಹಂಗಾರ ಬರ್ತದ ಅವಗ. ಹ್ಯಾಂಗ ಬಂದಾನ ಹಂಗ ಹಿಂದಕ ಹೋಗೂದು, ಅಷ್ಟ." ಅತ್ತೆ ಮೊಣಕಾಲು ಹಿಡಿದುಕೊಂಡು ಹಿಂದಿನ ಗಾಜಿನ ಕಡೆಗೆ ಹೊರಳಿ ಕೂತರು. "ತಮ್ಮಾ, ಅಂಜಬ್ಯಾಡ. ನೀರು ಅದರ ಜಾಗಾದಾಗ ಅದ, ನಾವು ನಮ್ಮ ಜಾಗಾದಾಗ ಅದೀವಿ. ನಾ ನೋಡ್ತೀನಿ, ನೀ ಬಿಡು."

ನಾನು ತಿರುಗಿಸಿ ಹೇಳುವ ಮೊದಲೇ ಆತ ಗೇರು ಹಾಕಿದ. ಕಾರು ಒಂದು ಗೇಣು ಹಿಂದೆ ಸರಿಯಿತು.

"ಬಾ... ಬಾ... ಸಾವಕಾಶ. ನೀರಿನ ಕಡಿ ಬ್ಯಾಡ, ಜರಾ ಹೊಲದ ಕಡಿ. ಹಾಂ, ಹಂಗ. ನಿಂದ್ರು. ಈಗ ಬಾ."

ಕುರಿಮರಿಯನ್ನು ಕರೆಯುವ ದನಿಯಲ್ಲೇ ಅವರು ಕಾರನ್ನು ಕರೆದರು. ಅಷ್ಟೇ ದೂರ ಹೋಗಲು ಬಹಳ ಹೊತ್ತು ಹಿಡಿಯಿತು. ತೂಬಿನ ಹತ್ತಿರ ಕಾರು ಪಕ್ಕಕ್ಕೆ ನಿಂತಾಗ ಹೀರೋನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಂಡಿಯವ ಪಕ್ಕಕ್ಕೆ ಬಂದಾಗ ಒಳಗೆ ಇಣುಕಿ ಅತ್ತೆಯನ್ನು ಕೇಳಿದ: "ಹೊಸ ಡ್ರೈವರ್ ಏನಬೇ ಯವ್ವಾ?"

"ಹೂಂ. ಕಲಿಯಾಕತ್ತಾನ."

ಹೀರೋ ಗಟ್ಟಿಯಾಗಿ ನಕ್ಕ. ನಾನು ಆತ ನಕ್ಕದ್ದು ನೋಡಿದ್ದು ಅದೇ ಮೊದಲು. ಆ ರಾತ್ರಿ ಆತ ನಿರ್ದೇಶಕರಿಗೆ, ಈ ಕಾರನ್ನು ನಾನೇ ಓಡಿಸುತ್ತೇನೆ, ಡೂಪ್ ಬೇಡ ಎಂದು ಹೇಳಿದನೆಂದು ಮರುದಿನ ಮ್ಯಾನೇಜರ್ ಬಂದು ಆಶ್ಚರ್ಯಪಟ್ಟುಕೊಂಡು ಹೇಳಿದರು.

ರೇಸಿನ ಚಿತ್ರೀಕರಣ ಭಾನುವಾರ ಇತ್ತು. ನಿರ್ದೇಶಕರು ನಮ್ಮ ಯಜಮಾನರಿಗೆ ಎಲ್ಲ ವಿವರಿಸಿದರು. ಹೀರೋ ಗದ್ದೆಯ ಬದುವಿನಿಂದ ಅಡ್ಡದಾರಿ ಹಿಡಿದು ದಂಡೆಗೆ ಹತ್ತಿ ಎಲ್ಲರಿಗಿಂತ ಮುಂದೆ ಬರುತ್ತಾನೆ. ಅವನ ಹಿಂದೆ ಕೆಂಪು ಕಾರು, ಅದರ ಹಿಂದೆ ಖಳನ ಕರಿ ಕಾರು. ಅಷ್ಟರಲ್ಲಿ ಕುರಿ ಹಿಂಡು ರಸ್ತೆಗೆ ಅಡ್ಡ ಬರಬೇಕು. ಹೀರೋ ಹಾರ್ನ್ ಹೊಡೆಯುತ್ತಾನೆ, ಕುರಿಗಳು ಎರಡು ಪಾಲಾಗಿ ದಾರಿ ಬಿಡುತ್ತವೆ, ಅವನು ದಾಟಿದ ಮೇಲೆ ಮತ್ತೆ ಕೂಡಿಕೊಂಡು ಉಳಿದವರನ್ನು ತಡೆಯುತ್ತವೆ. ಹೀರೋ ಸೇತುವೆಯ ಹತ್ತಿರದ ರಿಬ್ಬನ್ ಕತ್ತರಿಸಿಕೊಂಡು ಗೆಲ್ಲುತ್ತಾನೆ.

"ದಾರಿ ಬಿಡ್ತಾವಲ್ವಾ?" ಎಂದು ಅವರು ಕೇಳಿದರು.

"ಕುರಿ ಅದಾವ್ರಿ. ಏನ್ ಮಾಡ್ತಾವ ಅಂತ ನಾ ಹ್ಯಾಂಗ ಹೇಳ್ಲಿ?" ಎಂದರು ಯಜಮಾನರು.

ನಾನು ಸೇತುವೆಯ ಮೇಲೆ ನಿಂತ ಜನರ ನಡುವೆ ನಿಂತಿದ್ದೆ. ಹಸಿರು ಕಾರು ಧೂಳೆಬ್ಬಿಸುತ್ತ ದಂಡೆಗೆ ಹತ್ತಿತು. ಹಿಂದೆ ಕಂಬಳಿಯ ಗುಡ್ಡೆಯೊಂದು ಕಾಣುತ್ತಿತ್ತು, ಅದು ಅತ್ತೆ. ಯಜಮಾನರು ಹಿಂಡನ್ನು ರಸ್ತೆಗೆ ಬಿಟ್ಟರು. ಹೀರೋ ಹಾರ್ನ್ ಹೊಡೆದ.

ಅದು ಹಿಂಡಿ ಬರುವ ಹಾರ್ನ್. ಇಡೀ ಹಿಂಡು ಒಮ್ಮೆಲೇ ತಲೆ ಎತ್ತಿ, ಒದರುತ್ತ, ಕಾರಿನ ಮೇಲೆ ಬಿದ್ದಿತು. ಬಾನೆಟ್ಟಿಗೆ ಮುಂಗಾಲು ಊರಿದವು, ಕಿಟಕಿಗೆ ಮುಖ ಇಟ್ಟವು. ಕಾರು ನಿಂತಿತು. ಹಿಂದಿನ ಎರಡು ಕಾರುಗಳೂ ನಿಂತು ಹಾರ್ನ್ ಹೊಡೆಯತೊಡಗಿದವು. ಹೀರೋ ಮುಂದಿನ ಗಾಜಿನಿಂದ ಕ್ಯಾಮೆರಾ ಕಡೆ ನೋಡುತ್ತಿದ್ದ. ಆತನ ಪಕ್ಕದ ಕಿಟಕಿಯಲ್ಲಿ ಒಂದು ಟಗರು ಆತನ ಕಿವಿ ಮೂಸುತ್ತಿತ್ತು.

ಆಗ ಹಿಂದಿನ ಬಾಗಿಲು ತೆರೆಯಿತು. ಕಂಬಳಿ ಹೊದ್ದುಕೊಂಡೇ ಅತ್ತೆ ಕೆಳಗಿಳಿದರು. "ಥೂ ನಿಮ್ಮ, ಅಂವ ಹೋಗಬೇಕು, ಸರೀರಿ!" ಎಂದು ಕುರಿಗಳನ್ನು ಬೈದು, ನಾಲಿಗೆ ಹೊರಳಿಸಿ ಟುರ್ರ್ ಎಂದು ಕರೆಯುತ್ತ ಕಾರಿನ ಮುಂದೆ ನಡೆದರು. ಹಿಂಡು ಕಾರು ಬಿಟ್ಟು ಅವರ ಹಿಂದೆ ಹೊರಟಿತು. ಹಿಂಡಿನ ಹಿಂದೆ ಹೀರೋ, ಮೊದಲ ಗೇರಿನಲ್ಲಿ. ಆತನ ಹಿಂದೆ ಕೆಂಪು ವಿದೇಶಿ ಕಾರು. ಅದರ ಹಿಂದೆ ಖಳನ ಕಾರು. ಮೊಣಕಾಲು ನೋವಿನ ಒಬ್ಬ ಮುದುಕಿ ಎಷ್ಟು ಜೋರಾಗಿ ನಡೆಯಬಲ್ಲಳೋ ಅಷ್ಟು ಜೋರಾಗಿ ರೇಸು ನಡೆಯಿತು.

ಕ್ಯಾಮೆರಾದವರು ನಿರ್ದೇಶಕರ ಕಡೆ ನೋಡಿದರು. ಅವರು ಟವೆಲನ್ನು ಬಾಯಿಗೆ ತುರುಕಿಕೊಂಡು, ನಿಲ್ಲಿಸಬೇಡಿ ಎಂದು ಕೈ ಮಾಡುತ್ತಿದ್ದರು. ಸೇತುವೆಯ ಮೇಲೆ ನಿಂತ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು, ನಕ್ಕರೆ ಎಲ್ಲಿ ಕೆಡುತ್ತದೋ ಎಂದು. ಅತ್ತೆ ರಿಬ್ಬನ್ನಿನ ಹತ್ತಿರ ಬಂದು, ಅದೇನೆಂದು ಒಂದು ಕ್ಷಣ ನೋಡಿ, ಕೈಯಿಂದ ಮೇಲೆತ್ತಿ ಅದರ ಕೆಳಗೆ ದಾಟಿದರು. ಕುರಿಗಳು ದಾಟಿದವು. ಬಾವುಟ ಹಿಡಿದು ನಿಂತ ನಟ ಯಾರಿಗೆ ಬೀಸಬೇಕೆಂದು ತಿಳಿಯದೆ ಕುರಿಗಳಿಗೇ ಬೀಸಿದ. ಅತ್ತೆ ಹಿಂಡನ್ನು ಗದ್ದೆಯ ಕಡೆ ಇಳಿಸಿ, ಹಿಂದಿರುಗಿ ಹೀರೋಗೆ, "ಹೋಗಪ್ಪಾ, ಈಗ ರಸ್ತಾ ಖಾಲಿ ಆತು," ಎಂದರು. ಅಲ್ಲಿಗೆ ರಿಬ್ಬನ್ ಹರಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅತ್ತೆಗೆ ಏನಾಯಿತೆಂದು ತಿಳಿಯಲು ಬಹಳ ಹೊತ್ತು ಹಿಡಿಯಿತು.

ಸಿನಿಮಾದವರು ಹೊರಡುವ ಹಿಂದಿನ ದಿನ ಹೀರೋ ಒಬ್ಬನೇ ನಮ್ಮ ಮನೆಗೆ ಬಂದ. ಉಂಡ, ಹಗ್ಗದ ಹೊರಸಿನ ಮೇಲೆ ಕೂತ. ಬಹಳ ಹೊತ್ತು ಕಾರನ್ನೇ ನೋಡುತ್ತಿದ್ದು ಆಮೇಲೆ ನನ್ನನ್ನು ಕೇಳಿದ: "ಮೇಡಂ, ಒಂದ್ಸಲ ನಾನೊಬ್ಬನೇ ಓಡಿಸ್ಕೊಂಡು ಶಹಾಪುರಕ್ಕೆ ಹೋಗಿ ಬರ್ಲಾ? ಅಮ್ಮನ್ನ ಕೇಳಿ."

ಅತ್ತೆಯ ಷರತ್ತು ನನಗೆ ಗೊತ್ತಿತ್ತು, ಆದರೂ ಕೇಳಿದೆ. ಅವರು ಜಗಿಯುತ್ತಿದ್ದ ಎಲೆಯಡಿಕೆಯನ್ನು ಬೇಲಿಯ ಬುಡಕ್ಕೆ ಉಗಿದರು. "ಹೋಗಿ ಬರ್ಲಿ. ಬರೂ ಮುಂದ ಹಿಂಡಿ ಚೀಲ ತರ್ಲಿ," ಎಂದರು.

ಆತ ಹೊರಟ. ಕ್ಯಾಮೆರಾ ಇರಲಿಲ್ಲ, ಛತ್ರಿಯವರಿರಲಿಲ್ಲ. ನಾನು ಬೇಲಿಯ ಹತ್ತಿರ ನಿಂತು ನೋಡಿದೆ. ತಿರುವಿನಲ್ಲಿ ಗೇರು ಬದಲಿಸಿದ ಸದ್ದು ಸ್ವಚ್ಛವಾಗಿ ಕೇಳಿತು. ಹೊತ್ತು ಮುಳುಗುವಷ್ಟರಲ್ಲಿ ವಾಪಸು ಬಂದ. ಹಿಂಡಿಯ ಚೀಲ ತಾನೇ ಬೆನ್ನ ಮೇಲೆ ಹೊತ್ತು ಒಳಗಿಟ್ಟ. ಪೇಟೆಯಲ್ಲಿ ಯಾರೂ ಗುರುತು ಹಿಡಿಯಲಿಲ್ಲವೇ ಎಂದು ಕೇಳಿದೆ.

"ಈ ಕಾರಲ್ಲಿ ನಾನು ಇರ್ತೀನಿ ಅಂತ ಯಾರು ಅನ್ಕೋತಾರೆ ಮೇಡಂ?" ಎಂದ. ಆ ಮಾತಿನಲ್ಲಿ ಬೇಸರವಿರಲಿಲ್ಲ. ಬಿಳಿ ಅಂಗಿಗೆ ಹಿಂಡಿಯ ಪುಡಿ ಹತ್ತಿತ್ತು, ಅದನ್ನು ಕೊಡವಿಕೊಳ್ಳದೆ ಹೋದ.

ಸಿನಿಮಾ ಶಹಾಪುರದ ಟಾಕೀಸಿಗೆ ಬಂದಾಗ ಮಳೆಗಾಲ ಶುರುವಾಗಿತ್ತು. ನಾವು ಮೂವರೂ ಹೋದೆವು. ಅತ್ತೆ ಟಾಕೀಸಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಸುರಪುರದಿಂದ ನನ್ನ ಅಪ್ಪ ಅವ್ವ ಕೂಡ ಬಂದಿದ್ದರು. ಹಸಿರು ಕಾರು ಪರದೆಯ ಮೇಲೆ ಬಂದಾಗ ಹೀರೋಗೆ ಬೀಳಬೇಕಾದ ಸೀಟಿ ಕಾರಿಗೇ ಬಿತ್ತು. ಕುರಿಗಳ ದೃಶ್ಯ ಬಂತು. ಟಾಕೀಸೆಲ್ಲ ನಗುತ್ತಿದ್ದಾಗ ಅತ್ತೆ ಎದ್ದು ನಿಂತುಬಿಟ್ಟರು.

"ಅದು ನಮ್ಮ ಬೋಳಿ ಕುರಿ, ಕೊಂಬಿಲ್ಲದ್ದು! ನೋಡು, ಅದರ ಬಾಜೂಕ ಅದರ ಮರಿ. ಆ ಕರಿದು ಈಗ ಎಷ್ಟು ದೊಡ್ಡದಾಗ್ಯಾದ!"

ತಮ್ಮನ್ನು ಅವರು ನೋಡಿಯೇ ಇರಲಿಲ್ಲ. ಕಂಬಳಿ ಹೊದ್ದ ಆ ಮುದುಕಿ ಯಾರು ಎಂದು ನಾನು ತೋರಿಸಿದ ಮೇಲೆ ಒಂದು ಗಳಿಗೆ ನೋಡಿ, "ಅಯ್ಯ, ನಾ ಇಷ್ಟು ಕುಂಟ್ತೀನೇನು?" ಎಂದರು. ಅಷ್ಟೆ. ಮತ್ತೆ ಕುರಿ ನೋಡತೊಡಗಿದರು.

ನಾನು ಹೀರೋನನ್ನು ನೋಡುತ್ತಿದ್ದೆ. ಆತನ ಹಳೆಯ ಸಿನಿಮಾಗಳನ್ನು ನೋಡಿದವಳು ನಾನು. ಅವುಗಳಲ್ಲಿ ಕಾರು ಓಡಿಸುವಾಗ ಆತ ರಸ್ತೆ ನೋಡುವುದಿಲ್ಲ, ಪಕ್ಕದಲ್ಲಿ ಕೂತ ನಾಯಕಿಯನ್ನೇ ನೋಡುತ್ತಾನೆ. ಇದರಲ್ಲಿ ಹುಬ್ಬು ಗಂಟಿಕ್ಕಿ ಎದುರಿನ ರಸ್ತೆ ನೋಡುತ್ತಿದ್ದ, ನಾಲಿಗೆಯ ತುದಿ ತುಟಿಯ ಸಂದಿನಲ್ಲಿ ಇಣುಕುತ್ತಿತ್ತು. ನೋಡುವವರಿಗೆ ಅದು ನಗು ಬರಿಸಿತು. ಅದು ಅಭಿನಯವಲ್ಲ ಎಂದು ಆ ಟಾಕೀಸಿನಲ್ಲಿ ನಮ್ಮ ಮನೆಯವರಿಗಷ್ಟೇ ಗೊತ್ತಿತ್ತು.

ಸಿನಿಮಾ ನಮ್ಮ ಕಡೆ, ಶಹಾಪುರ ಸುರಪುರ ಯಾದಗಿರಿಗಳಲ್ಲಿ, ಚೆನ್ನಾಗಿ ಓಡಿತು. ಬೇರೆ ಕಡೆ ಓಡಲಿಲ್ಲವಂತೆ. ಅಂಥ ಹೀರೋ ಇಂಥ ಕಾರಿನಲ್ಲಿ ಬರುತ್ತಾನೆಂದರೆ ಯಾರು ನಂಬುತ್ತಾರೆ ಎಂದು ಜನ ಅಂದರಂತೆ. ಆತ ಮತ್ತೆ ಪ್ರೇಮದ ಕತೆಗಳಿಗೆ, ದೊಡ್ಡ ಕಾರುಗಳಿಗೆ ಹೋದ. ಅವುಗಳಲ್ಲಿ ಓಡಿಸಿದ್ದು ಆತನೋ ಡೂಪೋ, ತಿಳಿಯುವ ದಾರಿ ನಮಗಿರಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ ಒಂದು ದಿನ ನಾನು ಯಜಮಾನರಿಗೆ, ನನಗೂ ಕಲಿಸ್ರಿ ಎಂದೆ. ಅವರು ನಗಲಿಲ್ಲ. ಹಿಂದೆ ಕೂತ ನಾನು ಎಡಗೈಯಿಂದ ಗಾಳಿಯಲ್ಲಿ ಗೇರು ಹಾಕುತ್ತಿದ್ದುದನ್ನು ಮುಂದಿನ ಕನ್ನಡಿಯಲ್ಲಿ ನೋಡಿದ್ದರಂತೆ. ಕಾಲುವೆ ದಂಡೆಯ ಮೇಲೆಯೇ ಕಲಿತೆ. ಮೊದಲ ವಾರ ಊರಿನವರು ಶಾಲೆಯ ಗೋಡೆಯ ಮೇಲೆ ಕೂತು ನೋಡಿದರು, ಎರಡನೆಯ ವಾರ ಬೇಸರಬಂದು ಎದ್ದು ಹೋದರು. ನಾನು ಹೆದರಲಿಲ್ಲ ಎಂದಲ್ಲ. ಹೆದರಿಕೆ ಇದ್ದವರೂ ಓಡಿಸುತ್ತಾರೆ ಎಂಬುದನ್ನು ಕಣ್ಣಾರೆ ನೋಡಿದ್ದೆ, ಅದು ಸಾಕಾಯಿತು.

ಮುಂದಿನ ಒಂದು ಅಮಾವಾಸ್ಯೆಗೆ ಯಜಮಾನರು ಕುರಿ ಬಿಟ್ಟು ಬರುವಂತಿರಲಿಲ್ಲ. ಅತ್ತೆಯನ್ನು ನಾನೇ ಅಬ್ಬೆತುಮಕೂರಿಗೆ ಕರೆದುಕೊಂಡು ಹೊರಟೆ. ಶಹಾಪುರದ ಪೇಟೆಯಲ್ಲಿ ಹತ್ತಿಯ ಬಂಡಿಗಳ ನಡುವೆ ಹಾದು, ಭೀಮಾ ನದಿಯ ಸೇತುವೆಯ ಮೇಲೆ ಎದುರಿನ ಲಾರಿಗೆ ಜಾಗ ಕೊಟ್ಟು, ಯಾದಗಿರಿ ದಾಟಿ ಹೋಗುವವರೆಗೂ ಅತ್ತೆ ಹಿಂದೆ ಒಂದು ಮಾತೂ ಆಡಲಿಲ್ಲ. ನಿದ್ದೆ ಮಾಡುತ್ತಿದ್ದಾರೆಂದುಕೊಂಡೆ. ಮಠದ ಮುಂದೆ ಬೇವಿನ ಗಿಡದ ನೆರಳಿಗೆ ಕಾರು ನಿಲ್ಲಿಸಿ ತಿರುಗಿ ನೋಡಿದರೆ, ಕಣ್ಣು ತೆರೆದುಕೊಂಡು ಎರಡೂ ಕೈಯಿಂದ ಕಂಬಳಿ ಬಿಗಿಯಾಗಿ ಹಿಡಿದು ಕೂತಿದ್ದರು.

"ಬಂತೇನು?" ಎಂದು ಕೇಳಿದರು.

"ಬಂತು, ಅತ್ತಿ."

ಇಳಿಯಲು ಕೈ ಕೊಟ್ಟೆ. ಗಿಡದ ಕೆಳಗೆ ಬಳಿಚಕ್ರದ ಕಡೆಯಿಂದ ಬಂದ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಇಬ್ಬರೇ ಹೆಂಗಸರು ಕಾರಿನಿಂದ ಇಳಿದದ್ದು ನೋಡಿ ಅವರಲ್ಲೊಬ್ಬಳು, ಡ್ರೈವರ್ ಎಲ್ಲಿ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಸೆರಗು ಸರಿಮಾಡಿಕೊಂಡು, ಅವರ ಪಕ್ಕದಲ್ಲಿ ಮೆಲ್ಲಗೆ ಕೂತು, ಕಾಲು ಚಾಚಿದರು.

"ಡ್ರೈವರ್ ಎದಕ? ನಮ್ಮ ಸೊಸಿ ಹೊಡಕೊಂಡು ಬಂದಾಳ," ಎಂದರು. "ಶಾಲಿ ಅಕ್ಕೋರು ಅದಾಳ."

ಆ ಹೆಂಗಸು ನನಗೊಂದು ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿಯ ಚಟ್ನಿ ಕೊಟ್ಟಳು. ದರ್ಶನ ಮುಗಿಸಿ, ಪ್ರಸಾದ ಉಂಡು, ಬಿಸಿಲು ಇಳಿಯುವ ಮೊದಲೇ ಹೊರಟೆವು, ಕಾರಿನ ದೀಪ ಮಬ್ಬಿದ್ದುದರಿಂದ.